ಚೆಂಡೆ ಒಲಿದ ಕೈಗೆ ಅಕ್ಷರ ಒಲಿಯದಾಗ

ಡಿಸೆಂಬರ್, ಜನವರಿ ತಿಂಗಳು ಬಂತೆಂದರೆ ಮುಂಬಯಿ ಮತ್ತು ಉಪನಗರಗಳಲ್ಲಿ ಕನ್ನಡ ಸಂಘಗಳ ವಾರ್ಷಿಕೋತ್ಸವದ ಸುಗ್ಗಿ. ದೀಪ ಪ್ರಜ್ವಲನ, ಮಹಿಳಾ ವಿಭಾಗದವರ ಪ್ರಾರ್ಥನೆ, ದಾನಿಗಳಿಗೆ ಶಾಲು-ಫಲಪುಷ್ಪ, ಕೊನೆಗೊಂದು ಯಕ್ಷಗಾನ ಅಥವಾ ನಾಟಕ. ಇವೆಲ್ಲದರ ನಡುವೆ ಯಾವ ಸಂಘವೂ ಬಿಡದೆ ನಡೆಸಿಕೊಂಡು ಬಂದಿರುವ ಕಾರ್ಯಕ್ರಮ ಪ್ರತಿಭಾ ಪುರಸ್ಕಾರ. ಹತ್ತನೇ, ಹನ್ನೆರಡನೇ ತರಗತಿಯಲ್ಲಿ ಶೇ. 80ಕ್ಕೂ ಮೇಲ್ಪಟ್ಟು ಅಂಕ ಗಳಿಸಿದ ಮಕ್ಕಳ ಹೆಸರನ್ನು ಒಂದೊಂದಾಗಿ ಕರೆದು, ಸ್ಮರಣಿಕೆ ಕೊಟ್ಟು, ಫೋಟೋ ತೆಗೆಸುವ ಆ ಅರ್ಧ ಗಂಟೆ ಹೆತ್ತವರ ಪಾಲಿಗೆ ಹಬ್ಬವೇ ಸರಿ.

ಕೆಲವು ವರ್ಷಗಳ ಹಿಂದೆ ಮುಲುಂಡಿನ ಸಭಾಗೃಹವೊಂದರಲ್ಲಿ ನಡೆದ ಇಂತಹ ಸಮಾರಂಭದಲ್ಲಿ ಹನ್ನೊಂದರ ಹರೆಯದ ಹುಡುಗನೊಬ್ಬ ಚೆಂಡೆ ಬಾರಿಸಿ ಅತಿಥಿಗಳನ್ನು ಬರಮಾಡಿಕೊಂಡಿದ್ದ. ಮಕ್ಕಳ ಯಕ್ಷಗಾನಕ್ಕೂ ಅವನದೇ ಚೆಂಡೆ. ಯುದ್ಧದ ಸನ್ನಿವೇಶದಲ್ಲಿ ವೇಷಧಾರಿ ಮಗು ಹೆಜ್ಜೆ ತಪ್ಪಿದಾಗ ತಾಳವನ್ನು ಎತ್ತಿ ಹಿಡಿದು ಮತ್ತೆ ದಾರಿಗೆ ತಂದವನೂ ಅವನೇ. ಮುಂದಿನ ಸಾಲಿನಲ್ಲಿದ್ದ ಹಿರಿಯರು "ಯಾರ ಮಗನಪ್ಪಾ ಇವನು?" ಎಂದು ಪಕ್ಕದವರನ್ನು ವಿಚಾರಿಸಿದರು.

ಆ ಬಳಿಕ ಪ್ರತಿಭಾ ಪುರಸ್ಕಾರ ಆರಂಭವಾಯಿತು. ಆ ವರ್ಷ ಸಂಘವು ಐದನೇ ತರಗತಿಯಿಂದ ಮೇಲಿನ ಎಲ್ಲ ಮಕ್ಕಳನ್ನೂ ಗೌರವಿಸಲು ನಿಶ್ಚಯಿಸಿತ್ತು. ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಪ್ರತಿ ಕೊಟ್ಟವರ ಹೆಸರು ಮೈಕಿನಲ್ಲಿ ಬಂತು. ಚೆಂಡೆಯ ಹುಡುಗನ ಹೆಸರು ಬರಲಿಲ್ಲ. ಅವನು ಪರದೆಯ ಹಿಂದೆ ಚೆಂಡೆಗೆ ಬಟ್ಟೆ ಸುತ್ತುತ್ತಿದ್ದ. ಅವನ ಗಣಿತದ ಅಂಕ 100ಕ್ಕೆ 31, ಇಂಗ್ಲಿಷ್ 28, ಹಿಂದಿ 22.

ಮರುವಾರ ಅಪ್ಪ ತೀರ್ಪು ಕೊಟ್ಟರು: "ಇನ್ನು ಚೆಂಡೆ ಬಂದ್. ಮೊದಲು ಮಾರ್ಕ್ ತೆಗೆ, ಮತ್ತೆ ನೋಡುವ."

ಅಪ್ಪನ ಉದ್ದೇಶ ಒಳ್ಳೆಯದೇ. ಆದರೆ ಆ ತೀರ್ಪು ಎಷ್ಟು ತಪ್ಪಾಗಿತ್ತು ಎಂಬುದು ತಿಳಿಯಲು ಆ ಮನೆಗೆ ಒಂದು ವರ್ಷವೇ ಬೇಕಾಯಿತು.

ಬಾಯಿಯಲ್ಲಿ ಪಂಡಿತ, ಪೇಪರಿನಲ್ಲಿ ಸೊನ್ನೆ

ಭಾಂಡುಪಿನ ಚಾಳಿನಲ್ಲಿ ವಾಸ. ಅಪ್ಪ ಘಾಟ್ಕೋಪರ್‌ನ ಹೋಟೆಲೊಂದರಲ್ಲಿ ಮ್ಯಾನೇಜರ್, ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಮೂಲ ಕಾರ್ಕಳ ತಾಲೂಕು. ಮನೆಮಾತು ತುಳು, ಸಂಘದಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ-ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮುಂಬಯಿಯ ಸಾವಿರಾರು ತುಳು-ಕನ್ನಡಿಗರ ಮನೆಯಂತೆ ಇದೂ ಒಂದು ಮನೆ.

ಹುಡುಗ ಮಾತಿಗೆ ಬೇಗ ನಿಂತವನು. ನಾಲ್ಕನೇ ವಯಸ್ಸಿನಲ್ಲಿ ಅಜ್ಜಿ ಹೇಳಿದ ಅಭಿಮನ್ಯುವಿನ ಕಥೆಯನ್ನು ಪಕ್ಕದ ಮನೆಯ ಮರಾಠಿ ಆಂಟಿಗೆ ಹಿಂದಿಯಲ್ಲಿ ಹೇಳಿದ್ದನಂತೆ. ಸಂಘದ ಭಾನುವಾರದ ಯಕ್ಷಗಾನ ತರಗತಿಗೆ ಸೇರಿದ ಮೇಲೆ ಏಕ, ತ್ರಿವುಡೆ, ರೂಪಕ, ಝಂಪೆ ತಾಳಗಳನ್ನು ಇತರ ಮಕ್ಕಳು ಬೆರಳೆಣಿಸಿ ಕಲಿತರೆ ಇವನು ಕಿವಿಯಲ್ಲೇ ಹಿಡಿದ. ಭಾಂಡುಪಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಫಾಸ್ಟ್ ಟ್ರೈನಿನ ಹಾರ್ನ್ ಹತ್ತಿರ ಬರುವಾಗ ಒಂದು ಸ್ವರ, ದಾಟಿಹೋದ ಕೂಡಲೇ ಕೆಳಗಿನ ಸ್ವರ ಏಕೆ ಎಂದು ವಿಜ್ಞಾನದ ಟೀಚರನ್ನು ಕೇಳಿದ್ದ. ಆಗ ಅವನು ಐದನೇ ತರಗತಿ. ಭೌತಶಾಸ್ತ್ರದಲ್ಲಿ ಡಾಪ್ಲರ್ ಪರಿಣಾಮ ಎಂದು ಮುಂದೆ ಕಾಲೇಜಿನ ಹಂತದಲ್ಲಿ ಕಲಿಸುವ ಪಾಠ ಅದು.

ಅದೇ ಹುಡುಗ ಡಿಕ್ಟೇಷನ್ ದಿನ ಹೊಟ್ಟೆನೋವು ಎನ್ನುತ್ತಿದ್ದ. ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರು ರೀತಿ ಬರೆಯುತ್ತಿದ್ದ. ಬೋರ್ಡಿನ ಬರಹವನ್ನು ಅರ್ಧ ನಕಲು ಮಾಡುವಷ್ಟರಲ್ಲಿ ಪೀರಿಯಡ್ ಮುಗಿದು ಬೋರ್ಡು ಒರೆಸಿಬಿಡುತ್ತಿದ್ದರು. ಗಟ್ಟಿಯಾಗಿ ಓದಲು ಎಬ್ಬಿಸಿದರೆ ಏನಾದರೂ ತಮಾಷೆ ಮಾಡಿ ತರಗತಿಯನ್ನು ನಗಿಸಿ, ಹೊರಗೆ ನಿಲ್ಲುವ ಶಿಕ್ಷೆ ಪಡೆಯುತ್ತಿದ್ದ. ಓದಿ ನಗೆಪಾಟಲಾಗುವುದಕ್ಕಿಂತ ಹೊರಗೆ ನಿಲ್ಲುವುದು ಅವನಿಗೆ ವಾಸಿಯೆನಿಸಿತ್ತು.

ಡೈರಿಯಲ್ಲಿ ವರ್ಷವಿಡೀ ಬಂದ ಷರಾ ಒಂದೇ: ಬುದ್ಧಿವಂತ, ಆದರೆ ಸೋಮಾರಿ. ಮಾತಿನಲ್ಲಿ ಮುಂದು, ಬರೆಯುವುದರಲ್ಲಿ ಗಮನವಿಲ್ಲ. ಮನೆಯವರು ಟ್ಯೂಷನ್ ಹಾಕಿದರು. ಅದು ಸಾಲದೆಂದು ಎರಡನೇ ಟ್ಯೂಷನ್ ಹಾಕಿದರು. ಫಲಿತಾಂಶ ಬದಲಾಗದಿದ್ದಾಗ ಕೊನೆಗೆ ಚೆಂಡೆ ಕಸಿದರು.

ಚೆಂಡೆ ಹೋದ ಮೇಲೆ ಅಂಕ ಏರಲಿಲ್ಲ. ಮಾತು ಇಳಿಯಿತು. ಶಾಲೆಯಲ್ಲಿ ಪ್ರಶ್ನೆ ಕೇಳುವುದನ್ನೂ ಹುಡುಗ ನಿಲ್ಲಿಸಿದ. ರಾತ್ರಿ ಮಲಗಿದಲ್ಲೇ ಗೋಡೆಯ ಮೇಲೆ ಬೆರಳಿನಿಂದ ತಾಳ ಬಡಿಯುತ್ತಿದ್ದ ಎಂದು ಅಮ್ಮ ಹೇಳುತ್ತಾರೆ.

ತೆರೆದಿದ್ದ ಪುಟವೇ ಬೇರೆ

ಗುಟ್ಟು ಹೊರಬಿದ್ದದ್ದು ಒಂದು ಆಕಸ್ಮಿಕದಿಂದ. ಸಂಘದ ತಾಳಮದ್ದಳೆಗೆ ಅಪ್ಪನೊಂದಿಗೆ ಬಂದಿದ್ದ ಹುಡುಗನನ್ನು ಭಾಗವತರು ಪಕ್ಕಕ್ಕೆ ಕೂರಿಸಿಕೊಂಡು, ಪ್ರಸಂಗ ಪುಸ್ತಕ ಕೊಟ್ಟು, ಮುಂದಿನ ಪದ್ಯ ಎತ್ತು ಮಗಾ ಎಂದರು. ಅವನು ಪುಟ ತಿರುಗಿಸಿ, ಪುಸ್ತಕದ ಮೇಲೆ ಕಣ್ಣಿಟ್ಟು, ಒಂದಕ್ಷರ ತಪ್ಪದೆ ಹಾಡಿದ. ಎಲ್ಲರೂ ತಲೆದೂಗಿದರು. ಹಿಂದೆ ಕುಳಿತಿದ್ದ ನಿವೃತ್ತ ಶಿಕ್ಷಕಿಯೊಬ್ಬರ ಕಣ್ಣು ಮಾತ್ರ ಪುಸ್ತಕದ ಮೇಲೆ ಬಿತ್ತು. ಹುಡುಗ ಹಾಡುತ್ತಿದ್ದ ಪದ್ಯ ಆ ಪುಟದಲ್ಲಿ ಇರಲೇ ಇಲ್ಲ.

ಈ ಶಿಕ್ಷಕಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ಕಾರ್ಯಕ್ರಮ ಮುಗಿದ ಮೇಲೆ ಅವನನ್ನು ಕರೆದು, ತೊಡೆ ತಟ್ಟಿ ಕೂರಿಸಿ, ಅದೇ ಪುಸ್ತಕದ ಮತ್ತೊಂದು ಪದ್ಯ ತೋರಿಸಿದರು.

"ಇದನ್ನೊಮ್ಮೆ ಓದು ಮಗಾ."

"ಇದು ನನಗೆ ಬರುವುದಿಲ್ಲ ಟೀಚರ್."

"ಬರುವುದು ಬೇಡ. ಓದು ಸಾಕು."

ಹುಡುಗ ತುಂಬಾ ಹೊತ್ತು ಪುಸ್ತಕ ನೋಡಿದ. ಮೊದಲ ಮೂರು ಅಕ್ಷರ ಕೂಡಿಸಿದ. ಒತ್ತಕ್ಷರ ಬಂದಲ್ಲಿ ನಿಂತ. ಮತ್ತೆ ತಲೆ ಎತ್ತಲಿಲ್ಲ.

ಶಿಕ್ಷಕಿ ಬೈಯಲಿಲ್ಲ. ತಾನು ಒಮ್ಮೆ ಓದಿ ಹೇಳಿದರು. ಹುಡುಗ ಎರಡನೇ ಸಲಕ್ಕೆ ಆ ಪದ್ಯವನ್ನು ತಾಳಸಮೇತ ಒಪ್ಪಿಸಿದ. ಆಗ ಅವರು ಹೆತ್ತವರಿಗೆ ಹೇಳಿದ ಮಾತು ಇಷ್ಟೇ: "ಈ ಮಗು ಸೋಮಾರಿಯಲ್ಲ. ಉಳಿದ ಮಕ್ಕಳಿಗಿಂತ ನಾಲ್ಕು ಪಟ್ಟು ಕೆಲಸ ಮಾಡುತ್ತಿದ್ದಾನೆ. ಇವನನ್ನು ಆಸ್ಪತ್ರೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ."

ನೂರಕ್ಕೂ ಹೆಚ್ಚು ವರ್ಷ ಹಳೆಯ ಕಥೆ

ಈ ತೊಂದರೆ ಹೊಸದಲ್ಲ, ಮುಂಬಯಿಯ ಧಾವಂತದಿಂದ ಬಂದದ್ದೂ ಅಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಬಾಲಕನ ಬಗ್ಗೆ ಬರೆದರು. ಬುದ್ಧಿ ಚುರುಕು, ಕಣ್ಣು ಸರಿ, ಲೆಕ್ಕದಲ್ಲಿ ಗಟ್ಟಿಗ. ಆದರೆ ವರ್ಷಗಟ್ಟಲೆ ಕಲಿಸಿದರೂ ಓದಲು ಬಾರದು. ತನ್ನ ಹೆಸರನ್ನೇ ಅಕ್ಷರ ಅದಲು ಬದಲು ಮಾಡಿ ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣ ಎಂದು ಅವನ ಮೇಷ್ಟ್ರೇ ಅಭಿಪ್ರಾಯಪಟ್ಟಿದ್ದರು. ಹುಟ್ಟಿನಿಂದಲೇ ಬರುವ ಓದಿನ ತೊಂದರೆಯ ಬಗ್ಗೆ ವೈದ್ಯಲೋಕದಲ್ಲಿ ದಾಖಲಾದ ಮೊತ್ತಮೊದಲ ವರದಿಗಳಲ್ಲಿ ಇದೂ ಒಂದು. ಅಂದರೆ ಆರಂಭದಲ್ಲೇ ವೈದ್ಯರ ಕಣ್ಣಿಗೆ ಬಿದ್ದ ಮಗು ದಡ್ಡನಾಗಿರಲಿಲ್ಲ, ಜಾಣನಾಗಿದ್ದ.

ಓದುವ ತೊಂದರೆಗೆ ಡಿಸ್ಲೆಕ್ಸಿಯಾ, ಬರೆಯುವ ತೊಂದರೆಗೆ ಡಿಸ್‌ಗ್ರಾಫಿಯಾ, ಲೆಕ್ಕದ ತೊಂದರೆಗೆ ಡಿಸ್‌ಕ್ಯಾಲ್ಕುಲಿಯಾ ಎಂಬ ಹೆಸರುಗಳಿವೆ. ಇವೆಲ್ಲವನ್ನೂ ಸೇರಿಸಿ 'ನಿರ್ದಿಷ್ಟ ಕಲಿಕಾ ನ್ಯೂನತೆ' ಎನ್ನುತ್ತಾರೆ. ಇದು ಕಣ್ಣಿನ ದೋಷವಲ್ಲ, ಬುದ್ಧಿಮಾಂದ್ಯವೂ ಅಲ್ಲ. ಮಾತಿನ ಸದ್ದನ್ನು ಬಿಡಿಬಿಡಿಯಾಗಿ ಗುರುತಿಸಿ ಅದಕ್ಕೆ ಸರಿಯಾದ ಅಕ್ಷರವನ್ನು ಜೋಡಿಸುವ ಕೆಲಸ ಹೆಚ್ಚಿನ ಮಕ್ಕಳಿಗೆ ಕೆಲವು ವರ್ಷಗಳಲ್ಲಿ ತಾನಾಗಿ ಸಲೀಸಾಗುತ್ತದೆ. ಈ ಮಕ್ಕಳಿಗೆ ಪ್ರತಿ ಪದವೂ ಹೊಸದಾಗಿ ಬಿಡಿಸಬೇಕಾದ ಗಂಟು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಆರಂಭ ಮರೆತಿರುತ್ತದೆ.

ಜಾಣ ಮಗುವಿನಲ್ಲಿ ಈ ತೊಂದರೆ ಇದ್ದರೆ ಕಂಡುಹಿಡಿಯುವುದು ಇನ್ನಷ್ಟು ಕಷ್ಟ. ಬ್ಯಾಂಕಿನ ಖಾತೆಯ ಉದಾಹರಣೆ ಕೊಡುವುದಾದರೆ, ಒಂದು ಖಾತೆಗೆ ತಿಂಗಳಿಗೆ ಲಕ್ಷ ರೂಪಾಯಿ ಜಮಾ ಆಗಿ 98 ಸಾವಿರ ಖರ್ಚಾಗುತ್ತದೆ. ಇನ್ನೊಂದಕ್ಕೆ ಮೂರು ಸಾವಿರ ಜಮಾ ಆಗಿ ಸಾವಿರ ಖರ್ಚಾಗುತ್ತದೆ. ಕೊನೆಯ ಸಾಲು ಮಾತ್ರ ನೋಡುವವನಿಗೆ ಎರಡರಲ್ಲೂ ಉಳಿದಿರುವುದು ಎರಡೇ ಸಾವಿರ. ಹಾಗೆಯೇ ಮಗುವಿನ ಪ್ರತಿಭೆ ತೊಂದರೆಯನ್ನು ಮುಚ್ಚಿ ಹಾಕುತ್ತದೆ, ತೊಂದರೆ ಪ್ರತಿಭೆಯನ್ನು ಮುಚ್ಚಿ ಹಾಕುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಉಳಿಯುವುದು 'ಸಾಧಾರಣ' ಎಂಬ ಒಂದೇ ಪದ. ಕೆಳಗಿನ ತರಗತಿಗಳಲ್ಲಿ ಕೇಳಿದ್ದನ್ನೆಲ್ಲ ನೆನಪಿಟ್ಟು ಹೇಗೋ ದಾಟುವ ಇಂತಹ ಮಕ್ಕಳು, ಪಠ್ಯ ದಪ್ಪವಾಗುವ ಐದು-ಆರನೇ ತರಗತಿಗೆ ಬಂದಾಗ ಒಮ್ಮೆಲೇ ಕುಸಿಯುತ್ತಾರೆ. ಎರಡು ವಿಶೇಷಗಳನ್ನೂ ಒಟ್ಟಿಗೆ ಹೊತ್ತ ಇವರನ್ನು ತಜ್ಞರು 'ಟ್ವೈಸ್ ಎಕ್ಸೆಪ್ಶನಲ್' ಎಂದು ಕರೆಯುತ್ತಾರೆ.

2009ರಲ್ಲಿ ವೈದ್ಯಕೀಯ ನೊಬೆಲ್ ಪಡೆದ ಅಮೆರಿಕದ ಕ್ಯಾರಲ್ ಗ್ರೈಡರ್, 2017ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಸ್ವಿಟ್ಜರ್ಲೆಂಡಿನ ಜಾಕ್ ದುಬೋಶೆ ಇಬ್ಬರೂ ತಮಗೆ ಡಿಸ್ಲೆಕ್ಸಿಯಾ ಇರುವುದನ್ನು ಮುಚ್ಚಿಟ್ಟಿಲ್ಲ. ಐನ್‌ಸ್ಟೀನ್ ಹೆಸರನ್ನೂ ಹಲವರು ಈ ಪಟ್ಟಿಗೆ ಸೇರಿಸುತ್ತಾರೆ. ಅದಕ್ಕೆ ಸರಿಯಾದ ಆಧಾರವಿಲ್ಲ. ಅದರ ಅಗತ್ಯವೂ ಇಲ್ಲ. ನಮ್ಮ ಮಗು ನೊಬೆಲ್ ಪಡೆಯಲೇಬೇಕೆಂದಿಲ್ಲ, ತನ್ನ ತರಗತಿಯಲ್ಲಿ ತಲೆ ಎತ್ತಿ ಕುಳಿತರೆ ಸಾಕು.

ಕನ್ನಡಕ ಮರೆತ ಅಪ್ಪ

ಶಿಕ್ಷಕಿಯ ಸಲಹೆಯನ್ನು ಅಪ್ಪ ಮೊದಲು ಒಪ್ಪಲಿಲ್ಲ. "ನನ್ನ ಮಗನಿಗೆ ಎಂತ ಆಗಿದೆ? ಆಸ್ಪತ್ರೆಗೆ ಹೋದರೆ ನಾಳೆ ಜಾತಿಯವರೆಲ್ಲ ಹುಚ್ಚ ಅಂದಾರು" ಎಂದರು. ಊರಿಂದ ಬಂದಿದ್ದ ಅಜ್ಜಿಯೇ ಮೌನ ಮುರಿದವರು.

"ನಿನ್ನ ಕಥೆ ಮರೆತೆಯಾ? ನೀನೂ ಹೀಗೆಯೇ ಇದ್ದಿ ಮಾರಾಯ."

ಅಪ್ಪ ಏಳನೇ ತರಗತಿಯಲ್ಲಿ ಎರಡು ಸಲ ಫೇಲಾಗಿ, ಮೇಷ್ಟ್ರ ಬೆತ್ತಕ್ಕೆ ಹೆದರಿ, ಹದಿನಾಲ್ಕನೇ ವಯಸ್ಸಿಗೆ ಮುಂಬಯಿ ಬಸ್ಸು ಹತ್ತಿದವರು. ಕಪ್ಪು-ಬಸಿ ತೊಳೆಯುತ್ತಾ, ಮಾವ ಸೇರಿಸಿದ ರಾತ್ರಿಶಾಲೆಯಲ್ಲೂ ನಾಲ್ಕು ತಿಂಗಳು ನಿಲ್ಲಲಿಲ್ಲ. ಆದರೆ ಇಪ್ಪತ್ತು ಟೇಬಲ್‌ಗಳ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟು, ಬಿಲ್ಲಿನ ಮೊತ್ತವನ್ನು ಬಾಯಲ್ಲೇ ಹೇಳುವ ಅವರ ಸಾಮರ್ಥ್ಯ ನೋಡಿ ಮಾಲೀಕರು ಗಲ್ಲೆಯಲ್ಲಿ ಕೂರಿಸಿದರು. ಬ್ಯಾಂಕಿಗೆ ಹೋದಾಗ ಮಾತ್ರ ಸ್ಲಿಪ್ಪನ್ನು ಪಕ್ಕದವರ ಕೈಗೆ ಕೊಟ್ಟು, ಕನ್ನಡಕ ಮನೆಯಲ್ಲಿ ಬಾಕಿಯಾಯಿತು, ಸ್ವಲ್ಪ ತುಂಬಿಸಿ ಕೊಡಿ ಎನ್ನುವುದು ರೂಢಿ. ಅವರಿಗೆ ಕನ್ನಡಕವೇ ಇಲ್ಲ ಎಂಬುದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಕಲಿಕಾ ನ್ಯೂನತೆ ಕುಟುಂಬಗಳಲ್ಲಿ ಹರಿದು ಬರುವುದು ಸಾಮಾನ್ಯ. ತನ್ನನ್ನು ಊರು ಬಿಡಿಸಿದ ಬೆತ್ತವನ್ನೇ ತಾನು ಮಗನ ಮೇಲೆ ಎತ್ತಿದ್ದೇನೆ ಎಂಬುದು ಅಪ್ಪನಿಗೆ ಆ ರಾತ್ರಿ ಅರಿವಾಯಿತು. ಮರುದಿನ ಹೋಟೆಲಿಗೆ ರಜೆ ಹಾಕಿ ಮಗನ ಕೈಹಿಡಿದು ಆಸ್ಪತ್ರೆಗೆ ಹೊರಟರು.

ಪರೀಕ್ಷೆ ಹೇಗೆ?

ಮುಂಬಯಿಯ ಕನ್ನಡಿಗರು ಈ ವಿಷಯದಲ್ಲಿ ಅದೃಷ್ಟವಂತರೆನ್ನಬೇಕು. ಕಲಿಕಾ ನ್ಯೂನತೆಯ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ನೀಡಲು ದೇಶದಲ್ಲೇ ಮೊದಲು ಮುಂದಾದ ರಾಜ್ಯ ಮಹಾರಾಷ್ಟ್ರ. ಅದು 1996ರಲ್ಲಿ, ಪರ್ಸಿಯ ವರದಿ ಪ್ರಕಟವಾಗಿ ಸರಿಯಾಗಿ ನೂರು ವರ್ಷಕ್ಕೆ. ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಆರಂಭವಾದದ್ದೂ ಅದೇ ವರ್ಷ. ಸಯನ್‌ನ ಲೋಕಮಾನ್ಯ ತಿಲಕ್, ಪರೇಲ್‌ನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್ ಮುಂತಾದ ಪಾಲಿಕೆ ಆಸ್ಪತ್ರೆಗಳು ಈ ಮಕ್ಕಳ ತಪಾಸಣೆಯಲ್ಲಿ ಬಹುಕಾಲದ ಅನುಭವವುಳ್ಳವು. ಆದರೆ ಸರದಿಗಾಗಿ ಕಾಯುವ ತಾಳ್ಮೆ ಬೇಕು, ಒಂದೇ ದಿನದಲ್ಲಿ ಮುಗಿಯುವ ಕೆಲಸವೂ ಇದಲ್ಲ.

ಮೊದಲು ಮಕ್ಕಳ ವೈದ್ಯರು ಕಣ್ಣು, ಕಿವಿ, ಆರೋಗ್ಯ ನೋಡುತ್ತಾರೆ. ಬಳಿಕ ಮನಃಶಾಸ್ತ್ರಜ್ಞರಿಂದ ಬುದ್ಧಿಮತ್ತೆಯ ಪರೀಕ್ಷೆ. ಅನಂತರ ವಿಶೇಷ ಶಿಕ್ಷಕರು ಓದು, ಬರಹ, ಲೆಕ್ಕದಲ್ಲಿ ಮಗು ಯಾವ ತರಗತಿಯ ಮಟ್ಟದಲ್ಲಿದೆ ಎಂದು ಅಳೆಯುತ್ತಾರೆ. ಶಾಲೆಯ ವರದಿ, ಹಳೆಯ ನೋಟ್‌ಬುಕ್‌ಗಳನ್ನೂ ಕೇಳುತ್ತಾರೆ; ಅವನ್ನು ರದ್ದಿಗೆ ಹಾಕದೆ ಇಟ್ಟುಕೊಳ್ಳುವುದು ಒಳ್ಳೆಯದು. ಜಾಣ ಮಕ್ಕಳ ಹೆತ್ತವರು ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಲವು ಭಾಗಗಳಿರುತ್ತವೆ. ಮಾತಿನ ತರ್ಕದಲ್ಲಿ ಮಗು ಬಹಳ ಮೇಲಿದ್ದು, ಬರೆಯುವ ವೇಗದ ಭಾಗದಲ್ಲಿ ಬಹಳ ಕೆಳಗಿದ್ದರೆ ಒಟ್ಟು ಅಂಕ ಸಾಧಾರಣವೆಂದೇ ಬರುತ್ತದೆ. ಆದ್ದರಿಂದ ಒಟ್ಟು ಅಂಕ ಮಾತ್ರವಲ್ಲ, ಪ್ರತಿಯೊಂದು ಭಾಗದ ಅಂಕವನ್ನೂ ವಿವರಿಸಿ ಹೇಳುವಂತೆ ಕೇಳಬೇಕು. ಭಾಂಡುಪಿನ ಹುಡುಗನದು ಹೀಗೆಯೇ ಆಯಿತು. ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಅವನು ತನ್ನ ವಯಸ್ಸಿನವರಿಗಿಂತ ಬಹಳ ಮುಂದಿದ್ದ. ಓದು ಮೂರನೇ ತರಗತಿಯ ಮಟ್ಟದಲ್ಲಿತ್ತು.

ಪರೀಕ್ಷೆ ಇಂಗ್ಲಿಷಿನಲ್ಲೇ ನಡೆಯಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಿದ್ಧಪಡಿಸಿದ ಪರೀಕ್ಷಾ ಸರಣಿ ದೇಶದಲ್ಲಿ ಬಳಕೆಯಲ್ಲಿದೆ. ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ 'ಡಾಲಿ' ಎಂಬ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷಿನೊಂದಿಗೆ ಕನ್ನಡದಲ್ಲೂ ಇದೆ.

ಕಾನೂನಿನ ಬಲ

ವರದಿ ಹಿಡಿದು ಶಾಲೆಗೆ ಹೋದಾಗ ಮೊದಲ ಉತ್ತರ ನಿರಾಸೆಯದೇ ಆಗಿತ್ತು. ಇಷ್ಟು ಚೆನ್ನಾಗಿ ಮಾತಾಡುವ ಹುಡುಗನಿಗೆ ನ್ಯೂನತೆ ಎಂದರೆ ಹೇಗೆ, ಉಳಿದ ಹೆತ್ತವರು ಬಂದು ಕೇಳಿದರೆ ಏನು ಹೇಳುವುದು ಎಂಬುದು ಶಾಲೆಯ ಪ್ರಶ್ನೆ. ಅಪ್ಪ ಸುಮ್ಮನೆ ಹಿಂತಿರುಗುವವರಿದ್ದರು. ಜೊತೆಗೆ ಹೋಗಿದ್ದ ನಿವೃತ್ತ ಶಿಕ್ಷಕಿ ಕಾನೂನಿನ ಪ್ರತಿಯನ್ನು ಮೇಜಿನ ಮೇಲಿಟ್ಟರು.

ಅಂಗವಿಕಲರ ಹಕ್ಕುಗಳ ಕಾಯಿದೆ, 2016 ಏಪ್ರಿಲ್ 2017ರಲ್ಲಿ ಜಾರಿಗೆ ಬಂತು. ಹಿಂದಿನ 1995ರ ಕಾಯಿದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದರೆ ಹೊಸದರಲ್ಲಿ 21 ಇವೆ. ನಿರ್ದಿಷ್ಟ ಕಲಿಕಾ ನ್ಯೂನತೆ ಅವುಗಳಲ್ಲೊಂದು. ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವಂತೆ ಕಾಯಿದೆಯ 16ನೇ ಕಲಮು ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ರೈಟರ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಮುಂತಾದವು 17ನೇ ಕಲಮಿನಲ್ಲಿವೆ. ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿರಬಾರದು ಎಂಬುದು ಕೇಂದ್ರದ 2018ರ ಮಾರ್ಗಸೂಚಿ. ಅದೇ ವರ್ಷದ ಇನ್ನೊಂದು ಮಾರ್ಗಸೂಚಿಯಂತೆ ಈ ಪ್ರಮಾಣಪತ್ರ ಕೊಡುವುದು 8 ವರ್ಷ ತುಂಬಿದ ಮಕ್ಕಳಿಗೆ. 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ. 18ರಲ್ಲಿ ಪಡೆದದ್ದು ಜೀವನಪರ್ಯಂತ ಊರ್ಜಿತ. ಇಂತಹ ನಿಯಮಗಳಿಗೆ ಆಗಾಗ ತಿದ್ದುಪಡಿಯಾಗುವುದರಿಂದ ಒಂಬತ್ತನೇ ತರಗತಿಯ ಆರಂಭದಲ್ಲೇ ಶಾಲೆ ಮತ್ತು ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಳ್ಳುವುದು ಲೇಸು. ಹತ್ತನೇ ಪರೀಕ್ಷೆಯ ಹಿಂದಿನ ತಿಂಗಳು ಓಡಾಡಿದರೆ ಕೆಲಸವಾಗದು.

ಇದು ಮಗುವಿಗೆ ತೋರುವ ದಯೆಯಲ್ಲ. ಕಣ್ಣು ಮಂಜಾದವನಿಗೆ ಕನ್ನಡಕ ಕೊಟ್ಟರೆ ಯಾರೂ ಅದನ್ನು ಪಕ್ಷಪಾತವೆನ್ನುವುದಿಲ್ಲ.

ಕೊನೆಗೆ ಶಾಲೆ ಒಪ್ಪಿತು. ಹುಡುಗನ ಜಾಗ ಮುಂದಿನ ಬೆಂಚಿಗೆ ಬಂತು. ಬೋರ್ಡಿನ ಬರಹದ ಬದಲು ಸಹಪಾಠಿಯ ನೋಟ್ಸಿನ ಝೆರಾಕ್ಸ್ ಸಿಕ್ಕಿತು. ಎಲ್ಲರೆದುರು ಗಟ್ಟಿಯಾಗಿ ಓದಿಸುವುದು ನಿಂತಿತು. ವಿಜ್ಞಾನ ಮತ್ತು ಸಮಾಜದಲ್ಲಿ ಯೂನಿಟ್ ಟೆಸ್ಟ್‌ಗಳನ್ನು ಟೀಚರ್ ಬಾಯಿಮಾತಿನಲ್ಲಿ ತೆಗೆದುಕೊಂಡರು. ಮೊದಲ ಬಾಯಿಮಾತಿನ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 25ರಲ್ಲಿ 23 ಬಂದಾಗ ಅದೇ ಟೀಚರ್ ಅವನ ಹಳೆಯ ಪೇಪರುಗಳನ್ನು ಮತ್ತೊಮ್ಮೆ ತೆಗೆದು ನೋಡಿದರಂತೆ.

ಚೆಂಡೆ ಮರಳಿ ಬಂತು

ವಾರಕ್ಕೆ ಎರಡು ದಿನ ವಿಶೇಷ ಶಿಕ್ಷಕಿಯ ಬಳಿ ಪಾಠ. ಅಲ್ಲಿ ಮತ್ತೆ ಮತ್ತೆ ಬರೆಸುವ ಶಿಕ್ಷೆಯಿಲ್ಲ. ಪದವನ್ನು ಸದ್ದುಗಳಾಗಿ ಬಿಡಿಸಿ ಹೇಳುವುದು, ಆ ಸದ್ದಿನ ಅಕ್ಷರವನ್ನು ಮರಳಿನ ತಟ್ಟೆಯಲ್ಲಿ ಬೆರಳಿನಿಂದ ತಿದ್ದುವುದು, ಬಾಯಿ, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸುವುದು. ಇದನ್ನು ನೋಡಿದ ಅಜ್ಜಿ "ನಾವೂ ಹೊಯ್ಗೆಯಲ್ಲೇ ಕಲಿತದ್ದು" ಎಂದು ನಕ್ಕರು.

ವಿಶೇಷ ಶಿಕ್ಷಕಿ ಮೊದಲ ಭೇಟಿಯಲ್ಲೇ ಕೇಳಿದ ಪ್ರಶ್ನೆ, ಹುಡುಗನಿಗೆ ಯಾವುದು ಚೆನ್ನಾಗಿ ಬರುತ್ತದೆ ಎಂಬುದು. ಚೆಂಡೆ ನಿಲ್ಲಿಸಿದ ಸಂಗತಿ ಕೇಳಿ ಅವರು ತಲೆಯಾಡಿಸಿದರು. ಈ ಮಗು ದಿನಕ್ಕೆ ಆರು ಗಂಟೆ ಶಾಲೆಯಲ್ಲಿ ಸೋಲುತ್ತದೆ, ಅದು ಗೆಲ್ಲುವ ಜಾಗ ಒಂದೇ ಇತ್ತು, ಅದನ್ನೇ ಮುಚ್ಚಿದಿರಿ ಎಂದರು. ಆ ಭಾನುವಾರವೇ ಚೆಂಡೆ ಮರಳಿತು. ಚೆಂಡೆಯ ಬಾಯಿತಾಳವನ್ನು ಬಿಡಿಸಿ ಹೇಳುವ ಹುಡುಗನಿಗೆ ಇಂಗ್ಲಿಷ್ ಪದವನ್ನು ಚಪ್ಪಾಳೆ ತಟ್ಟಿ ತುಂಡು ಮಾಡುವುದು ಹೊಸದೆನಿಸಲಿಲ್ಲ. ಅಲ್ಲಿಂದ ಪಾಠ ಮುಂದಕ್ಕೆ ಸಾಗಿತು.

ಹೆತ್ತವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ತೊಂದರೆಗೆ ಮದ್ದು ಹುಡುಕುವ ಭರದಲ್ಲಿ ಪ್ರತಿಭೆಗೆ ಅನ್ನ ಹಾಕುವುದನ್ನು ಮರೆಯುತ್ತಾರೆ. ಚಿತ್ರ, ಚೆಸ್, ಸಂಗೀತ, ಕ್ರಿಕೆಟ್, ಯಂತ್ರ ಬಿಚ್ಚಿ ಕೂಡಿಸುವ ಹುಚ್ಚು, ಯಾವುದೇ ಇರಲಿ, ಅದು ಅಂಕ ಬಂದ ಮೇಲೆ ಕೊಡುವ ಬಹುಮಾನವಲ್ಲ. ಔಷಧಿಯಷ್ಟೇ ಅಗತ್ಯವಾದ ಆಹಾರ. ಎರಡೂ ಒಟ್ಟಿಗೆ ನಡೆಯಬೇಕು. ಓದಲು ಬಾರದ ಮಗುವಿಗೆ ಮೇಲ್ಮಟ್ಟದ ಪಾಠ ಬೇಡವೆಂದೂ ತಿಳಿಯಬಾರದು. ಪುಸ್ತಕವನ್ನು ಯಾರಾದರೂ ಓದಿ ಹೇಳಲಿ, ಮೊಬೈಲ್ ಓದಿ ಹೇಳಲಿ. ಅದರ ತಲೆಗೆ ತಕ್ಕ ವಿಷಯ ಅದಕ್ಕೆ ಸಿಗಬೇಕು.

ಮನೆಮಾತು ಬಿಡಬೇಕೇ?

ಹಲವರು ಈ ಕುಟುಂಬಕ್ಕೆ ಕೊಟ್ಟ ಸಲಹೆ, ಮನೆಯಲ್ಲಿ ತುಳು-ಕನ್ನಡ ನಿಲ್ಲಿಸಿ ಇಂಗ್ಲಿಷ್ ಮಾತ್ರ ಮಾತಾಡಿ ಎಂದು. ಭಾಷೆಗಳು ಹೆಚ್ಚಾಗಿ ಮಗು ಗೊಂದಲಕ್ಕೊಳಗಾಗಿದೆ ಎಂಬುದು ಅವರ ಲೆಕ್ಕಾಚಾರ. ಹೊರನಾಡ ಕನ್ನಡಿಗರೆಲ್ಲ ತಿಳಿಯಬೇಕಾದ ಸಂಗತಿಯೆಂದರೆ, ಹಲವು ಭಾಷೆ ಮಾತಾಡುವುದರಿಂದ ಕಲಿಕಾ ನ್ಯೂನತೆ ಬರುವುದಿಲ್ಲ. ಒಂದೇ ಭಾಷೆ ಬಲ್ಲ ಪರ್ಸಿಗೂ ಅದಿತ್ತು. ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಕ್ಕೂ ಹೊಂದಿಕೆ ಕಡಿಮೆಯಾದ್ದರಿಂದ ತೊಂದರೆ ಬೇಗ ಎದ್ದು ಕಾಣುತ್ತದೆ. ಕನ್ನಡದಲ್ಲಿ ಬರೆದಂತೆ ಓದುವುದಾದರೂ ಕಾಗುಣಿತ, ಒತ್ತಕ್ಷರಗಳ ಸಂಖ್ಯೆ ದೊಡ್ಡದು. ಅಲ್ಲಿ ಓದು ನಿಧಾನವಾಗಿ ಎಡವುತ್ತದೆ.

ಬರೆಯುವ ಭಾಷೆಗಳ ಹೊರೆ ಇಳಿಸುವುದು ಬೇರೆ, ಮಾತಾಡುವ ಭಾಷೆ ಕಸಿಯುವುದು ಬೇರೆ. ಕಿವಿಯಿಂದ ಕಲಿಯುವ ಮಗುವಿನಿಂದ ಅಜ್ಜಿಯ ಕಥೆಯನ್ನೂ ಪ್ರಸಂಗದ ಪದ್ಯವನ್ನೂ ಕಿತ್ತುಕೊಂಡರೆ ಅದರ ಬಳಿ ಉಳಿಯುವುದೇನು?

ಸಂಘಗಳು ಏನು ಮಾಡಬಹುದು?

ಈಗ ಹುಡುಗ ಎಂಟನೇ ತರಗತಿ. ಪವಾಡವೇನೂ ನಡೆದಿಲ್ಲ. ಕಾಗುಣಿತ ಇನ್ನೂ ತಪ್ಪುತ್ತದೆ, ಓದು ಇನ್ನೂ ನಿಧಾನ. ಕಳೆದ ವಾರ್ಷಿಕ ಪರೀಕ್ಷೆಯಲ್ಲಿ ಶೇ. 58 ಬಂತು. ಹೊಟ್ಟೆನೋವು ನಿಂತಿದೆ. ಅಪ್ಪ ಈಗ ರಾತ್ರಿ ಹೋಟೆಲಿನಿಂದ ಬಂದು ಮಗನ ಮರಳಿನ ತಟ್ಟೆಯ ಮುಂದೆ ತಾವೂ ಕೂರುತ್ತಾರೆ. ಬ್ಯಾಂಕಿನ ಸ್ಲಿಪ್ಪನ್ನು ತಡವಾದರೂ ತಾವೇ ತುಂಬುತ್ತಾರೆ.

ಶೇ. 58ಕ್ಕೆ ನಮ್ಮ ಯಾವ ಸಂಘದಲ್ಲೂ ಪುರಸ್ಕಾರವಿಲ್ಲ. ಇದೇ ವಿಷಯವನ್ನು ಆ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಿವೃತ್ತ ಶಿಕ್ಷಕಿ ಎತ್ತಿದಾಗ, ನಾಳೆ ಎಲ್ಲರೂ ಸರ್ಟಿಫಿಕೇಟ್ ತಂದರೆ ಎಂಬ ಆಕ್ಷೇಪ ಬಂತು. ಚರ್ಚೆ ಮುಂದಿನ ಸಭೆಗೆ ಹೋಗಿದೆ. ಆಕ್ಷೇಪ ಎತ್ತಿದವರೂ ಕೆಟ್ಟವರಲ್ಲ. ದಾನಿಗಳ ಹಣಕ್ಕೆ ಒಂದು ಅಳತೆಗೋಲು ಬೇಕಲ್ಲವೇ ಎಂಬುದು ಅವರ ಮಾತು. ಆದರೆ ಅಂಕದ ಅಳತೆಗೋಲಿಗೆ ಸಿಗದ ಮಗುವನ್ನು ಚೆಂಡೆಗೆ ಮಾತ್ರ ಕರೆದು, ಪುರಸ್ಕಾರದ ಹೊತ್ತಿಗೆ ಪರದೆಯ ಹಿಂದೆ ನಿಲ್ಲಿಸುವುದು ಸರಿಯೇ ಎಂದು ಎಲ್ಲ ಸಂಘ-ಸಂಸ್ಥೆಗಳೂ ಯೋಚಿಸಬೇಕಾಗಿದೆ.

ಪುರಸ್ಕಾರ ಹೋಗಲಿ, ಹಣ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ಪರೀಕ್ಷೆಯ ಕಾಲದಲ್ಲಿ ರೈಟರ್ ಸಿಗದೆ ಹೆತ್ತವರು ಪರದಾಡುತ್ತಾರೆ. ನಿಯಮದಂತೆ ರೈಟರ್ ಕೆಳಗಿನ ತರಗತಿಯವರಿರಬೇಕೆಂದಿದ್ದರೆ ಸಂಘದ ಮಕ್ಕಳಲ್ಲೇ ಅಂತಹವರ ಪಟ್ಟಿ ಮಾಡಬಹುದು. ಪಠ್ಯಪುಸ್ತಕವನ್ನು ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೊಡಲು ನಿವೃತ್ತರ ವಿಭಾಗಕ್ಕೆ ಬೇಕಾದಷ್ಟು ಸಮಯವಿದೆ. ವರ್ಷಕ್ಕೊಮ್ಮೆ ನಡೆಸುವ ಕಣ್ಣು, ಸಕ್ಕರೆ, ರಕ್ತದೊತ್ತಡದ ಶಿಬಿರಕ್ಕೆ ಒಬ್ಬ ವಿಶೇಷ ಶಿಕ್ಷಕರನ್ನೂ ಕರೆಸಬಹುದು. ಸಂಘದ ಕನ್ನಡ ತರಗತಿಯಲ್ಲಿ ಬರೆಯಲಾಗದ ಮಗು ಬಾಯಿಯಲ್ಲೇ ಪಾಠ ಒಪ್ಪಿಸಲು ಅವಕಾಶ ಕೊಡಬಹುದು.

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮ ಹಿರಿಯರು ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದರು. ಹಗಲಿನ ಶಾಲೆಗೆ ಹೋಗಲಾಗದವರಿಗೆ ರಾತ್ರಿಶಾಲೆ ತೆರೆಯಬೇಕೆಂದು ಯೋಚಿಸಿದ ಸಮಾಜ ನಮ್ಮದು. ಆ ರಾತ್ರಿಶಾಲೆಯಿಂದಲೂ ಎದ್ದು ಹೋದ ಹುಡುಗರು ಎಷ್ಟಿದ್ದರೋ, ಅವರಲ್ಲಿ ಎಷ್ಟು ಮಂದಿ ಕನ್ನಡಕ ಮರೆತೆನೆಂದು ಹೇಳುತ್ತಾ ಆಯುಷ್ಯ ಕಳೆದರೋ, ಲೆಕ್ಕವಿಟ್ಟವರಿಲ್ಲ. ಅವರ ಮೊಮ್ಮಕ್ಕಳ ಲೆಕ್ಕವನ್ನಾದರೂ ಇಡೋಣ.

ಬರುವ ಜನವರಿಯಲ್ಲಿ ಆ ಸಂಘದ ವಾರ್ಷಿಕೋತ್ಸವವಿದೆ. ಚೆಂಡೆಗೆ ಈ ಸಲವೂ ಅದೇ ಹುಡುಗ. ಸಮಿತಿಯ ಸಭೆ ಮಾತ್ರ ಇನ್ನೂ ನಡೆದಿಲ್ಲ.